ಖಾಲಿ ಪೆಟ್ಟಿಗೆಯ ವಾಸನೆ

ಹಾಜಿ ವಹ್ದಾನನಿಗೆ ಹಡಗಿರಲಿಲ್ಲ, ಲಾರಿಯಿರಲಿಲ್ಲ, ಗೋದಾಮಿರಲಿಲ್ಲ. ಕಳಿಸುವ ಸರಕು ಅವನದಲ್ಲ, ಇಳಿಸಿಕೊಳ್ಳುವ ಊರೂ ಅವನದಲ್ಲ. ಅಲೆಕ್ಸಾಂಡ್ರಿಯಾ ಬಂದರಿನ ಹಿಂದಿನ ಗಲ್ಲಿಯಲ್ಲಿ, ಲಿಫ್ಟು ಕೆಟ್ಟು ಕೂತ ಕಟ್ಟಡದ ಮೇಲ್ಮಹಡಿಯಲ್ಲಿ, ಎರಡು ಮೇಜು ಹಾಕಿಕೊಂಡಿದ್ದ ರವಾನೆ ಏಜೆಂಟ್ ಅವನು. ಆದರೂ ಫಯೂಮಿನ ಹೊಲದ ಹೂವು ಹ್ಯಾಂಬರ್ಗಿನ ಅಂಗಡಿ ಸೇರಬೇಕಾದರೆ ನಡುವೆ ಅವನು ಇರಲೇಬೇಕು. ಹಡಗಿನ ಕಂಪನಿಯವರು ಹಳ್ಳಿ ಹೆಂಗಸರ ಜೊತೆ ಮಾತಾಡುತ್ತಾರೆಯೇ? ಅವನು ಹಡಗಿನಲ್ಲಿ ಜಾಗ ಹಿಡಿಯಬೇಕು, ಖಾಲಿ ಕಂಟೇನರ್ ತರಿಸಬೇಕು, ಲಾರಿ ಗೊತ್ತುಮಾಡಬೇಕು. ಬೆಳೆ ಪರೀಕ್ಷೆಯವರ ಮೊಹರು, ಸುಂಕದವರ ಮೊಹರು, ವಿಮೆ, ಎಲ್ಲವನ್ನೂ ಒಂದರ ಹಿಂದೊಂದು ಹೊಂದಿಸಬೇಕು. ಸುಂಕದ ಕಟ್ಟೆಯಲ್ಲಿ ಯಾವ ಸಾಹೇಬ ಬೆಳಿಗ್ಗೆಯೇ ನಗುತ್ತಾನೆ, ಯಾವ ಸಾಹೇಬ ಚಹಾ ಕುಡಿದ ಮೇಲೆ ನಗುತ್ತಾನೆ ಎನ್ನುವುದೂ ಅವನಿಗೇ ಗೊತ್ತಿರಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಸಮುದ್ರ ವ್ಯಾಪಾರದಲ್ಲಿ ಆ ಪೂಜಾರಿ ಈ ಏಜೆಂಟ್.

ಇಂಥ ಏಜೆಂಟರು ಆ ಗಲ್ಲಿಯಲ್ಲಿ ಕಲ್ಲು ಎಸೆದರೆ ಒಬ್ಬನ ತಲೆಗೆ ಬೀಳುವಷ್ಟಿದ್ದರು. ಅವರ ನಡುವೆ ವಹ್ದಾನನ ಹೆಸರು ಎದ್ದು ನಿಂತದ್ದು ಅವನ ಮೂಗಿನಿಂದ. ಸರಕು ತುಂಬುವ ಮುಂಚೆ ಅವನೊಬ್ಬನೇ ಖಾಲಿ ಕಂಟೇನರಿನೊಳಗೆ ಹೋಗುತ್ತಿದ್ದ, ಹೊರಗಿನಿಂದ ಬಾಗಿಲು ಹಾಕಿಸುತ್ತಿದ್ದ. ಕತ್ತಲಲ್ಲಿ ನಿಂತು ತಗಡಿನಲ್ಲಿ ಎಲ್ಲಾದರೂ ಸೂಜಿಮೊನೆಯಷ್ಟು ಬೆಳಕು ತೂರುತ್ತದೆಯೇ ಎಂದು ನೋಡುತ್ತಿದ್ದ. ಬೆಳಕು ಬರುವಲ್ಲಿ ನೀರೂ ಬರುತ್ತದೆ. ಆಮೇಲೆ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆಯುತ್ತಿದ್ದ. ಹಿಂದಿನ ಸಲ ಅದರಲ್ಲಿ ಬೆಳ್ಳುಳ್ಳಿ ಹೋಗಿತ್ತೋ, ಟೈರು ಹೋಗಿತ್ತೋ, ಮೀನಿನ ಹಿಟ್ಟು ಹೋಗಿತ್ತೋ, ಮೂಗೇ ಹೇಳುತ್ತಿತ್ತು. ಹೊರಗೆ ಬಂದು "ಶುದ್ಧ" ಎಂದರೆ ಶುದ್ಧ, "ಒಯ್ಯಿರಿ ವಾಪಸ್" ಎಂದರೆ ಯಾವ ಕಂಪನಿಯವನೂ ಎದುರು ಮಾತಾಡುತ್ತಿರಲಿಲ್ಲ. ಮೂಲಿಕೆ, ಮಸಾಲೆ, ಹೂವು ಕಳಿಸುವವರೆಲ್ಲ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಆ ಮೂಗು ಇನ್ಸಾಫಳ ತಾಯಿಯ ತವರಿನ ಆಸ್ತಿ. ವಹ್ದಾನ್ ಅವಳ ಸೋದರಮಾವ. ಮನೆತನದಲ್ಲಿ ಹೊಲ ಹಂಚುವಾಗ ತಾಯಿಗೆ ಏನೂ ಬರಲಿಲ್ಲವಂತೆ, ಆದರೆ ಮೂಗು ಮಾತ್ರ ತಾಯಿಯ ದಾರಿಯಲ್ಲಿ ಮಗಳಿಗೆ ಬಂತು. ಬಾಬೂನೆ, ಅಂದರೆ ಕ್ಯಾಮೊಮೈಲ್ ಹೂವನ್ನು ನೆರಳಲ್ಲಿ ಬಲೆಯ ಮೇಲೆ ಒಣಗಿಸಿದ್ದಾರೋ, ಆಸೆಬುರುಕರು ಡಾಂಬರು ರಸ್ತೆಯ ಮೇಲೆ ಹರವಿದ್ದಾರೋ ಎನ್ನುವುದನ್ನು ಚೀಲ ಬಿಚ್ಚದೆಯೇ ಹೇಳುತ್ತಿದ್ದಳು ಇನ್ಸಾಫ್. ಬಿಳಿ ಎಸಳಿನ ನಡುವೆ ಹಳದಿ ಗುಬುಟಿರುವ ಆ ಪುಟ್ಟ ಹೂವೇ ಅವಳ ಊರು ಕಫ್ರ್ ಮಹ್ರೂಸಿನ ಚಳಿಗಾಲದ ಅನ್ನ. ಜರ್ಮನಿಯವರು ಅದನ್ನು ಬಿಸಿನೀರಿಗೆ ಹಾಕಿಕೊಂಡು ಕುಡಿದರೆ ಹೊಟ್ಟೆನೋವು ಹೋಗುತ್ತದಂತೆ, ನಿದ್ದೆ ಬರುತ್ತದಂತೆ. ಬಗ್ಗಿ ಬಗ್ಗಿ ಬಿಡಿಸುವ ಹೆಂಗಸರಿಗೆ ಸೊಂಟನೋವಿನಿಂದ ನಿದ್ದೆ ಬರುತ್ತಿರಲಿಲ್ಲ.

ಅಷ್ಟು ವರ್ಷ ಹೂವನ್ನೆಲ್ಲ ಕೊಳ್ಳುತ್ತಿದ್ದವನು ಪಟ್ಟಣದ ಷರ್ನೂಬಿ. ಅವನು ಹೇಳಿದ್ದೇ ಬೆಲೆ. ಇವರ ಒಳ್ಳೆ ಹೂವಿಗೆ ಬೇರೆ ಊರಿನ ಕಡ್ಡಿಕಸ ಬೆರೆಸಿ ಕಳಿಸಿ, ಕೊನೆಗೆ "ನಿಮ್ಮ ಹೂವಿಗೆ ಹೆಸರಿಲ್ಲ" ಎಂದು ಇವರಿಗೇ ಹೇಳುತ್ತಿದ್ದ. ಆ ವರ್ಷ ಇನ್ಸಾಫ್ ಊರಿನ ಹೆಂಗಸರನ್ನು ಒಟ್ಟುಹಾಕಿದಳು. ಹ್ಯಾಂಬರ್ಗಿನ ಖರೀದಿದಾರನೊಬ್ಬ ಮಾದರಿ ನೋಡಿ ಒಪ್ಪಿದ್ದ. ಮೊದಲ ಕೊಯ್ಲು ಚೆನ್ನಾಗಿ ಹೋದರೆ ಮುಂದಿನ ಎಲ್ಲ ಕೊಯ್ಲೂ ನೇರವಾಗಿ ತಾನೇ ತೆಗೆದುಕೊಳ್ಳುತ್ತೇನೆ ಎಂದಿದ್ದ. ಅದಕ್ಕಾಗಿ ಮನೆಮನೆಯವರೂ ಆ ಹೂವನ್ನು ಷರ್ನೂಬಿಗೆ ಕೊಡದೆ ಇನ್ಸಾಫಳ ಚಪ್ಪರದಡಿ ತಂದಿಟ್ಟರು, ಅವಳ ಮಾತಿನ ಮೇಲೆ, ಮುಂಗಡ ಒಂದು ಕಾಸೂ ಇಲ್ಲದೆ. ಮಗ ರಿಜ್ಕ್‌ನ ಹೆಸರಿನಲ್ಲೇ ಎಲ್ಲರೂ ಕರೆಯುವ ಮುದುಕಿ ಉಮ್ಮ್ ರಿಜ್ಕ್ ಎಲ್ಲರಿಗಿಂತ ಮೊದಲು ತನ್ನ ಚೀಲ ತಂದು ಇಳಿಸಿ ಹೇಳಿದ್ದಳು: "ತಗೋ ಮಗಳೇ. ಷರ್ನೂಬಿ ಮುಖಕ್ಕೆ ಸಗಣಿ ಎರಚೋದು ನನ್ನ ಕೈಲಾಗಿಲ್ಲ, ನಿನ್ನ ಕೈಲಾದ್ರೂ ಆಗ್ಲಿ."

"ಆಗತ್ತೆ ದೊಡ್ಡಮ್ಮ. ನಮ್ಮ ಮಾವ ಇದಾರೆ" ಎಂದಳು ಇನ್ಸಾಫ್.

ಕಂಟೇನರು ಹೊತ್ತ ಲಾರಿ ಬಂದದ್ದು ಬೆಳಗಿನ ಮಂಜು ಇನ್ನೂ ಹರಿಯದ ಹೊತ್ತಿನಲ್ಲಿ. ವಹ್ದಾನ್ ಚಾಲಕನ ಪಕ್ಕದಲ್ಲೇ ಕೂತು ಬಂದಿದ್ದ. ಬೂದು ಬಣ್ಣದ ಗಲಾಬಿಯಾ ನಿಲುವಂಗಿಯ ಮೇಲೆ ಕೋಟು, ಕೈಯಲ್ಲಿ ಜಪಸರ, ಮುಖದಲ್ಲಿ ಇಡೀ ಮೆಡಿಟರೇನಿಯನ್ ಸಮುದ್ರಕ್ಕೆ ತಾನೇ ಬೀಗರವನೆನ್ನುವ ಗತ್ತು. ಅಕ್ಕನ ಹಣೆಗೆ ಮುತ್ತಿಟ್ಟ. ಹೆಂಗಸರು ನಾಲಗೆ ಹೊರಳಿಸಿ ಸಂತೋಷದ ಕೂಗು ಹಾಕಿದರು. ಊರಿನ ಹಿರಿಯರು ಎರಡು ಬೆಂಚು ತಂದು ಹಾಕಿ ಮದುವೆ ನೋಡುವವರಂತೆ ಕೂತರು.

"ಹಾಜಿ, ಬೇಗ ಆಗ್ಲಿ" ಎಂದ ಚಾಲಕ. "ನಾಳೆ ಸಂಜೆ ಬಂದರಿನ ಗೇಟು ಹಾಕ್ತಾರೆ. ಆಮೇಲೆ ಈ ಹಡಗು ಸಿಕ್ಕಲ್ಲ."

"ನನಗೆ ಪಾಠ ಹೇಳ್ಬೇಡ. ನೀನು ಹುಟ್ಟೋ ಮುಂಚೆಯಿಂದ ಆ ಗೇಟು ನೋಡಿದೀನಿ. ಬಾಗಿಲು ತೆಗಿ."

ಬಾಗಿಲು ತೆಗೆದರು. ಒಳಗೆ ಒದ್ದೆ ಹಲಗೆ, ನಿಂಬೆಯ ಸೋಪಿನ ದಟ್ಟ ವಾಸನೆ. ಚಾಲಕ ಸಿಗರೇಟು ಹಚ್ಚಿಕೊಂಡು ಕಾಲುವೆಯ ಕಡೆ ಹೊರಟ. ವಹ್ದಾನ್ ಅವನನ್ನು ಕೂಗಿದ, ಅವನು ಕೇಳಿಸಿಕೊಳ್ಳಲಿಲ್ಲ. ಆಗ ವಹ್ದಾನ್ ಸುತ್ತ ನೋಡಿ ಅಕ್ಕನ ಮಗಳನ್ನು ಕರೆದ. "ಬಾ ಮಗಳೇ, ನೀನು ಇಲ್ಲಿ ನಿಂತ್ಕೋ, ಬಾಗಿಲ ಹತ್ರ. ನಾನು ತಟ್ಟಿದಾಗ ತೆಗಿ."

ಅಷ್ಟು ಗಂಡಸರ ಮುಂದೆ ತನ್ನನ್ನೇ ಕರೆದನಲ್ಲ ಎಂದು ಇನ್ಸಾಫಳಿಗೆ ಹೆಮ್ಮೆಯಾಯಿತು. ಹೆಮ್ಮೆ ಎಂಥ ಹಾಳು ವಸ್ತು ನೋಡಿ, ಅದು ಬಂದ ಕಡೆ ಬುದ್ಧಿ ಎದ್ದು ಜಾಗ ಬಿಡುತ್ತದೆ.

ಅವನು ಒಳಹೊಕ್ಕ. ಬಾಗಿಲು ಹಾಕಿದಳು. ಹೊರಗೆ ಎಲ್ಲರೂ ಕಾದರು. ಒಳಗಿನಿಂದ ತಟ್ಟಿದ ಸದ್ದು ಬಂತು. ಸರಳು ಎತ್ತಿ ಬಾಗಿಲು ಎಳೆದಳು. ಮುಚ್ಚಿಟ್ಟಿದ್ದ ಗಾಳಿ ಒಮ್ಮೆಲೇ ಅವಳ ಮುಖಕ್ಕೆ ಬಂತು. ಮೇಲೆ ನಿಂಬೆ ಸೋಪು. ಅದರ ಕೆಳಗೆ ಇನ್ನೊಂದು. ಉಪ್ಪು ಸವರಿ ಸುತ್ತಿಟ್ಟ ಹಸಿ ಚರ್ಮದ, ಕೊಬ್ಬು ಕಮಟಿದ, ಗಂಟಲ ಹಿಂಭಾಗಕ್ಕೆ ಹೋಗಿ ಕೂರುವ ನಾತ. ತೆಳ್ಳಗಿತ್ತು, ಆದರೆ ಇತ್ತು. ಹಲಗೆಯ ಎಳೆಎಳೆಯಲ್ಲೂ ಇತ್ತು. ಬಿಸಿಲೇರಿದರೆ ಅದು ಎದ್ದು ಬರುತ್ತದೆ ಎನ್ನುವುದೂ ಅವಳಿಗೆ ಗೊತ್ತು. ಹೂವು ಅಂದರೆ ಹತ್ತಿಯ ಹಾಗೆ, ಪಕ್ಕದಲ್ಲಿದ್ದುದನ್ನೆಲ್ಲ ಹೀರಿಕೊಳ್ಳುತ್ತದೆ.

ವಹ್ದಾನ್ ಹೊಸ್ತಿಲಲ್ಲಿ ನಿಂತು ಅವಳ ಮುಖ ನೋಡಿದ. ಮಾತಾಡದೆ, ಬಹಳ ಹೊತ್ತು ನೋಡಿದ.

ಹಿರಿಯರು ಮುಖ ನೋಡಿದಾಗ ಮುಖ ಸಿಂಡರಿಸುವುದು ಆ ಮನೆಯಲ್ಲಿ ಕಲಿಸಿದ ನಡತೆಯಲ್ಲ. ನೆಂಟರ ಮನೆಯಲ್ಲಿ ಕೊಟ್ಟ ಚಹಾದಲ್ಲಿ ನೊಣ ಬಿದ್ದಿದ್ದರೂ ಮುಖ ನೇರವಾಗಿಟ್ಟುಕೊಂಡು ಲೋಟ ಕೆಳಗಿಡಬೇಕು, ಅಷ್ಟೆ. ಇನ್ಸಾಫ್ ಮುಖವನ್ನು ಕಲ್ಲು ಮಾಡಿಕೊಂಡಳು, ಕಣ್ಣು ತಗ್ಗಿಸಿದಳು. ಬೆಂಚಿನ ಮೇಲಿನ ಗಂಡಸರ ಮುಂದೆ, ಬಂದರೇ ತಲೆಬಾಗುವ ಮೂಗಿನ ಮುಂದೆ, ನಿಮಗೆ ಗೊತ್ತಾಗಲಿಲ್ಲವೇ ಮಾವ ಎಂದು ಕೇಳುವುದಕ್ಕೆ ತಾನು ಯಾರು? ಆತನೇ ಸುಮ್ಮನಿರಬೇಕಾದರೆ ಇದು ಸೋಪಿನದೇ ವಾಸನೆಯಿರಬೇಕು. ಹೀಗೆ ಮೇಲಿನ ಮಾತು. ಅದರ ಕೆಳಗೂ ಇನ್ನೊಂದಿತ್ತು, ಪೆಟ್ಟಿಗೆಯಲ್ಲಿ ಇದ್ದ ಹಾಗೇ: ಈ ಪೆಟ್ಟಿಗೆ ವಾಪಸಾದರೆ ಹಡಗು ಹೋಗುತ್ತದೆ, ಹಡಗು ಹೋದರೆ ಖರೀದಿದಾರ ಹೋಗುತ್ತಾನೆ, ಷರ್ನೂಬಿ ನಗುತ್ತಾನೆ.

"ಶುದ್ಧ" ಎಂದ ವಹ್ದಾನ್, ಗಟ್ಟಿಯಾಗಿ.

"ದೇವರು ದೊಡ್ಡವನು" ಎಂದರು ಬೆಂಚಿನವರು. ಹೆಂಗಸರು ಚೀಲ ಹೊತ್ತುಕೊಂಡು ಸಾಲಾಗಿ ಬಂದರು. ಅವರ ಹಾಡಿನ ಜೊತೆ ಪೆಟ್ಟಿಗೆ ತುಂಬಿತು. ಬಾಗಿಲು ಹಾಕಿ ಮೊಹರು ಒತ್ತುವ ಹೊತ್ತಿಗೆ ಒಳಗಿನಿಂದ ಬರೀ ಹೂವಿನ ಸುವಾಸನೆ ಬರುತ್ತಿತ್ತು, ಸೇಬು ಹಣ್ಣು ಕೊಯ್ದಾಗ ಬರುವಂಥದು. ಇನ್ಸಾಫ್ ಅದನ್ನೇ ಎಳೆದೆಳೆದು ಉಸಿರಾಡಿದಳು. ನೋಡು, ಏನೂ ಇಲ್ಲ ಎಂದು ತನಗೇ ಹೇಳಿಕೊಂಡಳು.

ಹಡಗು ಹೊರಟಿತು, ಸೇರಿತು. ಹ್ಯಾಂಬರ್ಗಿನಲ್ಲಿ ಬಾಗಿಲು ತೆಗೆದವರಿಗೆ ಹೂವಿನ ತೋಟ ಕಾಣಲಿಲ್ಲ, ಕಸಾಯಿಖಾನೆ ಕಂಡಿತು. ಫೋನು ಮಾಡಿದವನು ವಹ್ದಾನ್.

"ಬೇಡವಂತೆ ಮಗಳೇ. ಹೂವಿಗೆ ಚರ್ಮದ ನಾತ ಹತ್ತಿದೆಯಂತೆ."

"ಈಗೇನು ಮಾಡೋದು ಮಾವ?"

"ವಾಪಸ್ ತರ್ಸಿದ್ರೆ ಬಾಡಿಗೆಗೆ ಹೂವಿನ ಬೆಲೆಯ ಎರಡರಷ್ಟು ಹೋಗತ್ತೆ. ಅಲ್ಲಿ ಇಟ್ರೆ ದಿನಾ ನೆಲಬಾಡಿಗೆ. ಸುಡಿಸೋದೇ ಅಗ್ಗ."

"ವಿಮೆ?"

"ನೆಂದಿದ್ರೆ ಕೊಡ್ತಿದ್ರು, ಮುಳುಗಿದ್ರೆ ಕೊಡ್ತಿದ್ರು. ನಾತಕ್ಕೆ ಕೊಡಲ್ಲ."

ಹಡಗಿನವರದಂತೂ ಕೇಳುವುದೇ ಬೇಡ. ಅವರ ಕಾಗದದಲ್ಲಿ ಸರಕಿನ ಹೆಸರಿನ ಮುಂದೆ ಯಾವಾಗಲೂ ಒಂದು ಮಾತು ಇರುತ್ತದೆ: ಒಳಗೆ ಹೂವಿದೆಯಂತೆ. ಇದೆ ಎಂದಲ್ಲ, ಇದೆಯಂತೆ. ತುಂಬಿದವರು ಹಾಗಂದರು, ನಾವು ಹೊತ್ತೆವು, ನಾವು ಕಂಡವರಲ್ಲ. ಜಗತ್ತಿನ ವ್ಯಾಪಾರವೆಲ್ಲ ಈ 'ಅಂತೆ'ಯ ಮೇಲೆ ತೇಲುತ್ತದೆ. ಮುಳುಗುವಾಗ ಮಾತ್ರ 'ಅಂತೆ' ಹೋಗಿ, ಯಾರದು ಎಂದು ಕೇಳುತ್ತಾರೆ.

ಇನ್ಸಾಫಳಿಗೆ ಅದೇ ಹೊತ್ತಿನಲ್ಲಿ ಹೇಳಬಹುದಾಗಿತ್ತು. ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ವಹ್ದಾನ್ ಅಂದ: "ಪೆಟ್ಟಿಗೇಲಿ ದೋಷ ಇರಲಿಲ್ಲ. ನಾನೇ ನಿಂತು ನೋಡಿದೀನಿ, ನೀನೂ ಇದ್ದೆ. ನಿಮ್ಮ ಚಪ್ಪರದ ಪಕ್ಕದ ಮನೆ ಮಾಳಿಗೆ ಮೇಲೆ ಯಾರೋ ಕುರಿ ಚರ್ಮ ಒಣಹಾಕಿದ್ರಲ್ಲ? ಅದನ್ನ ಮೊದಲು ವಿಚಾರಿಸು."

ಫೋನನ್ನು ಗಟ್ಟಿ ಸದ್ದಿನಲ್ಲಿಟ್ಟು ಮಾತಾಡುತ್ತಿದ್ದಳು. ಹೆಂಗಸರು ಸುತ್ತ ನೆರೆದಿದ್ದರು. ಎಲ್ಲರಿಗೂ ಕೇಳಿಸಿತು.

ಆ ಮಾಳಿಗೆ ಉಮ್ಮ್ ರಿಜ್ಕ್‌ಳದು. ಹೂವಿನ ಕೆಲಸದ ಬಿಡುವಿನಲ್ಲಿ ಅವಳು ಕುರಿ ಚರ್ಮ ಹದಮಾಡಿ ಪ್ರಾರ್ಥನೆಯ ಹಾಸು ಮಾಡಿ ಮಾರುತ್ತಿದ್ದಳು. ಅದರಿಂದಲೇ ಮೊಮ್ಮಗಳನ್ನು ಓದಿಸುತ್ತಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಬರೆ ಹಾಕಲು ಊರಿಗೆ ಊರೇ ಕಬ್ಬಿಣ ಕಾಯಿಸಿತು. ನಿನ್ನೆಯವರೆಗೆ ಅವಳ ಚಹಾ ಕುಡಿದವರು ಇವತ್ತು ಅವಳ ಬಾಗಿಲ ಮುಂದೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಹೋದರು. ಷರ್ನೂಬಿ ಸೂರ್ಯಕಾಂತಿ ಬೀಜ ಉಗುಳುತ್ತಾ ಬಂದು, "ಏನ್ ತಾಯಂದಿರೇ, ಜರ್ಮನಿ ಹೇಗಿತ್ತು? ಚಳಿ ಜಾಸ್ತಿಯಾ?" ಎಂದು ಕೇಳಿ, ಎರಡನೇ ಕೊಯ್ಲಿಗೆ ಹೋದ ವರ್ಷದ ಅರ್ಧ ಬೆಲೆ ಹೇಳಿದ. ಎಲ್ಲರೂ ಕೊಟ್ಟರು. ಕೊಡದೆ ಏನು ಮಾಡುತ್ತಾರೆ? ಅವನ ಮೇಲಿನ ಸಿಟ್ಟನ್ನೂ ಒಯ್ದು ಮುದುಕಿಯ ಮೇಲೆ ಹಾಕಿದರು.

"ಗಾಳಿ ಚಪ್ಪರದ ಕಡೆಯಿಂದ ನನ್ನ ಮನೆ ಕಡೆ ಬೀಸತ್ತೆ ಕಣ್ರೇ. ನನ್ನ ಮಾಳಿಗೆ ವಾಸನೆ ಚಪ್ಪರಕ್ಕೆ ಹೇಗೆ ಹೋಗತ್ತೆ?" ಎಂದು ಉಮ್ಮ್ ರಿಜ್ಕ್ ಸಾವಿರ ಸಲ ಹೇಳಿದಳು. ಕೊನೆಗೆ ಇನ್ಸಾಫಳ ಮುಂದೆ ಬಂದು ನಿಂತಳು. "ನೀನಾದ್ರೂ ಹೇಳೇ. ಇವರ ಮೂಗು ಬಿಡು. ನಿನ್ನ ಮೂಗು ನನಗೆ ಗೊತ್ತು. ನನ್ನ ಮನೆ ವಾಸನೆ ನಿನ್ನ ಹೂವಿಗೆ ಬಂದಿತ್ತಾ?"

ಇನ್ಸಾಫಳ ಸುತ್ತ ಹೆಂಗಸರು. ಇಲ್ಲ ಎಂದರೆ, ಮತ್ತೆ ಎಲ್ಲಿಂದ ಬಂತು ಎನ್ನುತ್ತಾರೆ. ಪೆಟ್ಟಿಗೆಯಿಂದ ಎಂದರೆ, ನಿನಗೆ ಯಾವಾಗ ಗೊತ್ತಾಯಿತು ಎನ್ನುತ್ತಾರೆ. ಅಲ್ಲಿಂದ ಮುಂದಕ್ಕೆ ಅವಳ ಯೋಚನೆ ಹೋಗಲಿಲ್ಲ, ಹೋಗಲು ಅವಳು ಬಿಡಲಿಲ್ಲ.

"ನನಗೆ ಆಗ ನೆಗಡಿ ಇತ್ತು ದೊಡ್ಡಮ್ಮ" ಎಂದಳು. "ಏನೂ ಗೊತ್ತಾಗ್ತಿರಲಿಲ್ಲ."

ಮುದುಕಿ ಅವಳನ್ನು ನೋಡಿದಳು. ಆಮೇಲೆ, "ಸರಿ ಬಿಡು. ಇದು ಇರೋವರೆಗೂ ಯಾರೂ ನನ್ನ ನಂಬಲ್ಲ. ಎತ್ತಿ, ಕಾಲುವೆಗೆ ಹಾಕಿ" ಎಂದಳು. ಮಾಳಿಗೆಯಿಂದ ಚರ್ಮಗಳನ್ನು ಇಳಿಸಿದರು. ಉಪ್ಪು ಕುಡಿದ ಚರ್ಮ ಹೆಣದ ಹಾಗೆ ಭಾರ. ಒಂದೊಂದಕ್ಕೂ ಇಬ್ಬಿಬ್ಬರು ಬೇಕಾಯಿತು. ಇನ್ಸಾಫ್ ಕೈಕಟ್ಟಿ ನಿಂತಿದ್ದರೆ ಯಾರಾದರೂ ಏನಾದರೂ ಅಂದುಕೊಂಡಾರು ಎಂದು ತಾನೂ ಒಂದು ತುದಿ ಹಿಡಿದಳು. ಇನ್ನೊಂದು ತುದಿ ಹಿಡಿದವಳು ಉಮ್ಮ್ ರಿಜ್ಕ್. ಇಬ್ಬರೂ ತೂಗಿ ಎಸೆದರು. ಚರ್ಮ ನೀರಿನ ಮೇಲೆ ಸ್ವಲ್ಪ ಹೊತ್ತು ಅಗಲವಾಗಿ ತೇಲಿ ಮುಳುಗಿತು. ಮೊಮ್ಮಗಳ ಓದು ಆ ವರ್ಷಕ್ಕೆ ನಿಂತಿತು.

ಅಷ್ಟಾದರೂ ಮುದುಕಿಯನ್ನು ಯಾರೂ ಮತ್ತೆ ಗುಂಪಿಗೆ ಕರೆಯಲಿಲ್ಲ. ತಪ್ಪಿರದಿದ್ದರೆ ಚರ್ಮ ಯಾಕೆ ಎಸೆದಳು ಎಂದರು. ಜನರ ಬಾಯಿಗೆ ಎರಡು ಬಾಗಿಲು, ಇಟ್ಟುಕೊಂಡರೂ ತಪ್ಪು, ಎಸೆದರೂ ತಪ್ಪು.

ವಸಂತದ ಹಬ್ಬ ಬಂತು, ಶಮ್ಮುನ್ನಸೀಮ್. ಅವತ್ತು ಯಾರೂ ಮನೆಯೊಳಗಿರುವುದಿಲ್ಲ. ಊರೆಲ್ಲ ಕಾಲುವೆಯ ದಡದಲ್ಲಿ ಚಾಪೆ ಹಾಸುತ್ತದೆ. ಬಣ್ಣದ ಮೊಟ್ಟೆ, ಹಸಿ ಈರುಳ್ಳಿ, ರೊಟ್ಟಿ, ಮತ್ತೆ ಫಸೀಖ್. ಮೀನನ್ನು ಹಾಗೇ ಬಿಟ್ಟು ಉಬ್ಬಿಸಿ ಉಪ್ಪಿನಲ್ಲಿ ಹೂತು ಮಾಡುವ ಆ ಪದಾರ್ಥ ಒಳ್ಳೆಯದಿದ್ದಾಗಲೂ ನಾರುತ್ತದೆ. ಕೆಟ್ಟಿದ್ದಾಗ ಬೇರೆ ಥರ ನಾರುತ್ತದೆ. ಆ ಎರಡು ನಾತದ ನಡುವೆ ಇರುವುದು ಜೀವ. ತಿಂದು ಮನೆಮಂದಿಯೇ ಗೋರಿ ಸೇರಿದ ಕತೆ ಪ್ರತಿ ಊರಲ್ಲೂ ಒಂದಿದೆ. ಕಫ್ರ್ ಮಹ್ರೂಸಿನವರಿಗೆ ಮಾತ್ರ ಆ ಹೆದರಿಕೆ ಇರಲಿಲ್ಲ. ಅವರ ಫಸೀಖನ್ನು ಪ್ರತಿ ವರ್ಷ ಅಲೆಕ್ಸಾಂಡ್ರಿಯಾದಲ್ಲಿ ಆರಿಸಿ ತರುತ್ತಿದ್ದವನು ಹಾಜಿ ವಹ್ದಾನ್.

ಆ ಸಲವೂ ತಂದ. ಹೂವು ಸುಟ್ಟ ಮೇಲೆ ಬರುತ್ತಾನೋ ಇಲ್ಲವೋ ಎಂದು ಎಲ್ಲರಿಗೂ ಅನುಮಾನವಿತ್ತು. ಆದರೆ ಅವನು ಡಬ್ಬ ಹಿಡಿದು ಕಾರಿನಿಂದಿಳಿದ. ಬಾರದಿದ್ದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದಲ್ಲ. "ಡಬ್ಬದಲ್ಲಿ ಬೆಣ್ಣೆ ಇದೆ, ಬೆಣ್ಣೆ! ಹಲ್ಲಿಲ್ಲದೋರೂ ತಿನ್ಬಹುದು" ಎಂದು ನಗಿಸಿದ. ಗಂಡಸರು ಜಾಗ ಮಾಡಿಕೊಟ್ಟರು. ಸ್ವಲ್ಪ ದೂರದಲ್ಲಿ, ಹಿಪ್ಪುನೇರಳೆ ಮರದ ಆಚೆ, ಉಮ್ಮ್ ರಿಜ್ಕ್ ಮೊಮ್ಮಗಳ ಜೊತೆ ಬೇರೆ ಚಾಪೆ ಹಾಸಿಕೊಂಡು ಮೊಟ್ಟೆ ಸುಲಿಯುತ್ತಿದ್ದಳು.

ಡಬ್ಬ ತೆರೆದು ಮೀನು ಸೀಳಿ ಹಂಚುವುದು ಮನೆಮಗಳ ಕೆಲಸ. ಇನ್ಸಾಫ್ ಮುಚ್ಚಳ ತೆಗೆದಳು.

ಹಬ್ಬದ ನಾತವಲ್ಲ ಇದು. ಹುಳಿ, ಕೊಳೆ, ಹೂತದ್ದನ್ನು ಅಗೆದು ತೆಗೆದ ಹಾಗೆ. ತಲೆಯೆತ್ತಿದಳು. ವಹ್ದಾನ್ ಅವಳ ಮುಖವನ್ನೇ ನೋಡುತ್ತಿದ್ದ. ಮಾತಾಡದೆ, ಬಹಳ ಹೊತ್ತು. ಅಂದು ಪೆಟ್ಟಿಗೆಯ ಹೊಸ್ತಿಲಲ್ಲಿ ನಿಂತು ನೋಡಿದ ಹಾಗೇ.

ಆಗ ಅವಳಿಗೆ ಹೊಳೆಯಿತು. ಅಯ್ಯೋ, ಅವನು ನೋಡುತ್ತಿರುವುದು ನನ್ನನ್ನಲ್ಲ, ನನ್ನ ಮೂಗನ್ನು. ಅವನ ಹತ್ತಿರ ಅದು ಇಲ್ಲ.

ಅವಳ ಮುಖ, ಆ ಪಾಪಿ ಮುಖ, ಅಭ್ಯಾಸಬಲದಿಂದ ಕಲ್ಲಾಗಿಯೇ ಇತ್ತು. ಅದನ್ನು ಓದಿದ ವಹ್ದಾನನ ಭುಜ ಸಡಿಲವಾಯಿತು. "ಹಂಚು ಮಗಳೇ, ಮಕ್ಕಳು ಹಸಿದಿದಾವೆ" ಎಂದ. ಮಗುವೊಂದು ರೊಟ್ಟಿಯ ಚೂರು ಹಿಡಿದು ಡಬ್ಬಕ್ಕೆ ಕೈ ಚಾಚಿತು.

"ಮುಟ್ಬೇಡ!" ಇನ್ಸಾಫ್ ಆ ಕೈಗೆ ಫಟ್ಟನೆ ಹೊಡೆದಳು. "ಯಾರೂ ಮುಟ್ಬೇಡಿ! ಕೊಳೆತಿದೆ!"

ಮೊದಲು ಚೇತರಿಸಿಕೊಂಡವಳು ಅವಳ ತಾಯಿ. "ಏನೇ ಮಾತು ಇದು? ಮಾವ ತಂದಿರೋದಕ್ಕೆ ಹೆಸರಿಡ್ತೀಯಾ? ಕ್ಷಮೆ ಕೇಳು!"

"ನನ್ನ ಮೂಗಿಗೇ ಪಾಠ ಹೇಳ್ತಾಳಲ್ಲಪ್ಪ" ಎಂದು ವಹ್ದಾನ್ ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು.

ಬೆಕ್ಕೊಂದು ಮೀನಿನ ಆಸೆಗೆ ಅಲ್ಲೇ ಸುಳಿಯುತ್ತಿತ್ತು. ಇನ್ಸಾಫ್ ಒಂದು ತುಣುಕನ್ನು ಅದರ ಮುಂದೆ ಎಸೆದಳು. ಬೆಕ್ಕು ಓಡಿ ಬಂದು ಮೂಸಿತು, ಎರಡು ಹೆಜ್ಜೆ ಹಿಂದೆ ಸರಿಯಿತು, ಮುಖ ತಿರುಗಿಸಿಕೊಂಡು ಹೋಯಿತು. ಆ ಬೆಕ್ಕಿಗೆ ಸೋದರಮಾವ ಇರಲಿಲ್ಲ, ಮರ್ಯಾದೆ ಕಲಿಸಿದವರೂ ಇರಲಿಲ್ಲ.

"ಮಾವ" ಎಂದಳು ಇನ್ಸಾಫ್. "ನಿಮಗೆ ವಾಸನೆ ಗೊತ್ತಾಗಲ್ಲ. ಅಲ್ವಾ?"

ವಹ್ದಾನ್ ಜಪಸರದ ಮಣಿಗಳನ್ನು ಬೆರಳಲ್ಲಿ ತಿರುಗಿಸಿದ. ಆಮೇಲೆ ತಿರುಗಿಸುವುದನ್ನು ನಿಲ್ಲಿಸಿದ. "ಆ ಜ್ವರ ಬಂತಲ್ಲ, ಲೋಕವನ್ನೆಲ್ಲ ಮನೆಯೊಳಗೆ ಕೂಡಿಹಾಕಿದ್ದು. ಅದರ ಜೊತೆ ಹೋಯ್ತು. ವಾಪಸ್ ಬರಲೇ ಇಲ್ಲ."

"ಮತ್ತೆ ಇಷ್ಟು ದಿನ ಹೇಗೆ...?" ಎಂದು ಅಂದು ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಕೇಳಿದರು.

"ಮುಖ ನೋಡ್ತಿದ್ದೆ" ಎಂದ ವಹ್ದಾನ್. "ಯಾರನ್ನಾದ್ರೂ ಬಾಗಿಲ ಹತ್ರ ನಿಲ್ಲಿಸ್ಕೊಳ್ತಿದ್ದೆ. ಲಾರಿಯವನೋ, ಕೂಲಿಯವನೋ. ನಾತ ಬಂದ್ರೆ ಅವರ ಮುಖ ಹೇಳತ್ತೆ. ಬೈತಾರೆ, ಉಗೀತಾರೆ. ಯಾವತ್ತೂ ತಪ್ಪಿರಲಿಲ್ಲ. ಮೂಗು ಹೋಯ್ತು ಅಂತ ಬಂದರಿನವರಿಗೆ ತಿಳಿದ್ರೆ ಯಾವನು ನನಗೆ ಕೆಲಸ ಕೊಡ್ತಾನೆ? ನನ್ನ ಹತ್ರ ಇನ್ನೇನಿದೆ? ಹಡಗಿದೆಯಾ, ಲಾರಿ ಇದೆಯಾ?"

ಒಂದು ಗಳಿಗೆ ಎಲ್ಲರಿಗೂ ಅವನ ಮೇಲೆ ಕನಿಕರವೇ ಬಂತು. ಇನ್ಸಾಫಳಿಗೂ ಬಂತು. ಮಕ್ಕಳ ಜೀವ ಉಳಿಯಿತು, ಸತ್ಯವೂ ಹೊರಬಿತ್ತು, ಇನ್ನು ಎಲ್ಲ ಸರಿಹೋಗುತ್ತದೆ ಎಂದುಕೊಂಡಳು, ಪಾಪ.

ಅಷ್ಟರಲ್ಲಿ ವಹ್ದಾನನ ಮುಖದಲ್ಲಿ ಏನೋ ಬದಲಾಯಿತು. ಊರ ಮುಂದೆ ಬೆತ್ತಲಾದವನು ಮೈಮುಚ್ಚಲು ಕೈಗೆ ಸಿಕ್ಕಿದ ಬಟ್ಟೆ ಎಳೆಯುತ್ತಾನೆ. ಅದು ಯಾರ ಮೈಮೇಲಿನದು ಎಂದು ನೋಡುವುದಿಲ್ಲ.

"ತಾಳು" ಎಂದ. "ಇವತ್ತು ನೀನು ಮೀನಿನ ನಾತದ ಒಳಗೇ ಇನ್ನೊಂದು ನಾತ ಹಿಡಿದೆ. ಅವತ್ತು ಪೆಟ್ಟಿಗೆ ಬಾಗಿಲು ತೆಗೆದವಳು ನೀನು. ನಿನಗೆ ಗೊತ್ತಾಗಲಿಲ್ವಾ?"

ಇನ್ಸಾಫ್ ಡಬ್ಬದ ಮುಚ್ಚಳ ಒತ್ತಿ ಹಾಕಿದಳು.

"ನಾನು ನಿನ್ನ ಮುಖ ನೋಡಿದೆ ಮಗಳೇ. ಎಷ್ಟು ಹೊತ್ತು ನೋಡಿದೆ! ನಮ್ಮ ಮನೆ ಮೂಗು, ನನ್ನ ಅಕ್ಕನ ಮಗಳು, ಲಾರಿಯವನಿಗಿಂತ ಇವಳೇ ಮೇಲು ಅಂತ ನಿನ್ನನ್ನ ನಿಲ್ಲಿಸ್ಕೊಂಡೆ. ನೀನು ಒಂದು ಹುಬ್ಬು ಗಂಟಿಕ್ಕಿದ್ರೆ ಸಾಕಿತ್ತು, ವಾಪಸ್ ಕಳಿಸ್ತಿದ್ದೆ. ನಿನ್ನ ಮುಖ ನೋಡಿಯೇ 'ಶುದ್ಧ' ಅಂದೆ ನಾನು. ಯಾಕೆ ಸುಮ್ಮನಿದ್ದೆ?"

"ನೀವು ದೊಡ್ಡೋರು ಅಂತ" ಎಂದಳು ಇನ್ಸಾಫ್. ಅದು ಸುಳ್ಳಲ್ಲ. ಆದರೆ ಅವಳ ಕಿವಿಗೇ ಅದು ಸೋಪಿನ ವಾಸನೆಯ ಹಾಗೆ ಕೇಳಿಸಿತು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದೇ ಸಲಕ್ಕೆ ಎಲ್ಲರಿಗೂ ಅರ್ಥವಾಗಲಿಲ್ಲ. ಅರ್ಥವಾದವರು ಪಕ್ಕದವರಿಗೆ ಪಿಸುಗುಟ್ಟಿದರು. ಗೊತ್ತಿತ್ತಂತೆ. ಅವಳಿಗೆ ಆಗಲೇ ಗೊತ್ತಿತ್ತಂತೆ. ಚಪ್ಪರದ ಹೂವು, ಸೊಂಟನೋವಿನ ಇಡೀ ಚಳಿಗಾಲ, ಷರ್ನೂಬಿಯ ಅರ್ಧ ಬೆಲೆ, ಎಲ್ಲವೂ ಆ ಪಿಸುಮಾತಿನ ಹಿಂದೆ ಸಾಲುಗಟ್ಟಿ ಬಂದು ಇನ್ಸಾಫಳ ಮುಂದೆ ನಿಂತವು. ತಾಯಿ ಮಗಳ ಕಡೆಗೂ ತಮ್ಮನ ಕಡೆಗೂ ನೋಡಿ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

ಹಿಪ್ಪುನೇರಳೆ ಮರದ ಆಚೆಯಿಂದ ಉಮ್ಮ್ ರಿಜ್ಕ್ ಎದ್ದು ಬಂದಳು. ಮೊಮ್ಮಗಳು ಹಿಂದೆಯೇ ಬಂದು ಅಜ್ಜಿಯ ಬಟ್ಟೆ ಹಿಡಿದುಕೊಂಡಳು. ಹೆಂಗಸರು ತಾವಾಗಿಯೇ ಸರಿದು ದಾರಿ ಬಿಟ್ಟರು. ಒಬ್ಬಳು "ದೊಡ್ಡಮ್ಮ, ನಮ್ಮನ್ನ ಕ್ಷಮಿಸಿ" ಎಂದು ಕೈ ಹಿಡಿಯಲು ಹೋದಳು. ಮುದುಕಿ ಕ್ಷಮಿಸಲೂ ಇಲ್ಲ, ಬೈಯಲೂ ಇಲ್ಲ, ಅವಳನ್ನು ದಾಟಿ ಬಂದು ಇನ್ಸಾಫಳ ಎದುರು ನಿಂತಳು. ಅವಳಿಗೆ ಬೇಕಾದ್ದು ಒಂದೇ ಇತ್ತು.

"ನೆಗಡಿ ಅಂದೆಯಲ್ಲೇ" ಎಂದಳು, ಮೆಲ್ಲಗೆ.

"ದೊಡ್ಡಮ್ಮ..."

"ನನ್ನ ಚರ್ಮನ ಕಾಲುವೆಗೆ ಹಾಕುವಾಗ ಒಂದು ತುದಿ ನಾನು ಹಿಡಿದಿದ್ದೆ. ಇನ್ನೊಂದು ತುದಿ ಹಿಡಿದಿದ್ದವಳು ನೀನೇ ಅಲ್ವಾ?"

ದಡದ ಮೇಲೆ ಕೂತವರೆಲ್ಲರೂ, ಹಾಜಿ ವಹ್ದಾನನೂ, ಇನ್ಸಾಫಳ ಮುಖವನ್ನೇ ನೋಡುತ್ತಿದ್ದರು. ಅವಳು ಅದನ್ನು ಕಲ್ಲು ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ. ಈ ಸಲ ಅಲ್ಲಿರುವುದನ್ನು ಓದಲು ಯಾರಿಗೂ ಕಷ್ಟವಾಗಲಿಲ್ಲ.